ಬಾಗಿಲಲ್ಲಿ ತೂಗುತ್ತಿದ್ದ ಖಾಕಿ ಅಂಗಿ

ಭದ್ರಾವತಿಯ ನ್ಯೂ ಟೌನಿನಲ್ಲಿ ನಾವಿದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಪದ್ಧತಿ ಇತ್ತು. ಮನೆಯ ಗಂಡಸು ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಿದ್ದರೆ, ಅವನದೊಂದು ಹಳೆಯ ಖಾಕಿ ಅಂಗಿಯನ್ನು ಮುಂಬಾಗಿಲ ಮೊಳೆಗೆ ನೇತುಹಾಕಬೇಕು. ಅಂಗಿ ಕಂಡರೆ ಸೊಪ್ಪಿನವಳು ಕೂಗುತ್ತಿರಲಿಲ್ಲ, ಅಂಚೆಯವನು ಸೈಕಲ್ಲಿನ ಗಂಟೆ ಬಾರಿಸುತ್ತಿರಲಿಲ್ಲ, ಗೋಲಿ ಆಡುವ ಮಕ್ಕಳು ಗೊಣಗುತ್ತಾ ಮುಂದಿನ ಮನೆಯ ಎದುರಿಗೆ ಹೋಗುತ್ತಿದ್ದವು. ಅದನ್ನು ಯಾರು ಶುರುಮಾಡಿದರೋ ಯಾರಿಗೂ ತಿಳಿಯದು. ನಾವು ಅಲ್ಲಿಗೆ ಬರುವ ಹೊತ್ತಿಗೆ ಸಾಲಿನ ಎಲ್ಲ ಬಾಗಿಲುಗಳಿಗೂ ಒಂದೊಂದು ಮೊಳೆ ಇತ್ತು.

ನಮ್ಮ ಮನೆಯಲ್ಲಿ ಆ ಅಂಗಿ ಹಾಕುವ, ತೆಗೆಯುವ ಕೆಲಸ ನನ್ನದು. ಐವತ್ತರ ದಶಕದ ಕೊನೆಯ ವರ್ಷಗಳು, ನನಗೆ ಹನ್ನೆರಡು ತುಂಬಿತ್ತು. ಇವತ್ತು ನಾನು ಮುದುಕಿ. ಬದುಕಿನಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ, ಅದರಲ್ಲಿ ಅರ್ಧಕ್ಕರ್ಧ ಮರೆತೂ ಹೋಗಿವೆ. ಆ ಅಂಗಿಯನ್ನು ಮುಂದಿಟ್ಟುಕೊಂಡು ಹೇಳಿದ ಸುಳ್ಳೊಂದು ಮಾತ್ರ ಇನ್ನೂ ಗಂಟಲಿನಿಂದ ಕೆಳಗೆ ಇಳಿದಿಲ್ಲ.

ಮನೆಯಲ್ಲಿ ನಾವು ಐದು ಜನ. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ನನಗಿಂತ ಏಳು ವರ್ಷಕ್ಕೆ ದೊಡ್ಡವಳಾದ ಅಕ್ಕ, ಮತ್ತು ನಾನು. ಅಪ್ಪನಿಗೆ ಕಾರ್ಖಾನೆಯ ಫರ್ನೇಸಿನಲ್ಲಿ ಕೆಲಸ. ಅದಿರು ಕರಗಿಸಿ ಕಬ್ಬಿಣ ತೆಗೆಯುವ ಎತ್ತರದ ಕುಲುಮೆ ಅದು. ಮೇಲಿನಿಂದ ಅದಿರು, ಇದ್ದಿಲು, ಸುಣ್ಣಕಲ್ಲು ಸುರಿಯುತ್ತಾರೆ, ಕೆಳಗಿನಿಂದ ಬಿಸಿಗಾಳಿ ಊದುತ್ತಾರೆ. ಸುರಿದದ್ದು ಕರಗುತ್ತಾ ಕರಗುತ್ತಾ ಕೆಳಗಿಳಿಯುತ್ತಿರಬೇಕು. ಇಳಿಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಉದ್ದನೆಯ ಒಂದು ಕಬ್ಬಿಣದ ಸರಳನ್ನು ಮೇಲಿನಿಂದ ಒಳಗೆ ಬಿಟ್ಟಿರುತ್ತಿದ್ದರಂತೆ. ಸರಕು ಇಳಿದರೆ ಸರಳೂ ಇಳಿಯುತ್ತದೆ. ಆ ಸರಳಿನ ಮೇಲೆ ಕಣ್ಣಿಟ್ಟಿರುವುದು ಅಪ್ಪನ ಕೆಲಸ.

ಅಪ್ಪ ಮಾತು ಕಡಿಮೆಯ ಮನುಷ್ಯ. ಆ ಸರಳಿನ ವಿಷಯ ಬಂದರೆ ಮಾತ್ರ ಮುದ್ದೆ ಕೈಯಲ್ಲೇ ಇಟ್ಟುಕೊಂಡು ಮಾತಾಡುತ್ತಿದ್ದರು.

"ಸರಳು ತಟಪಟ ಅಂತ ಸ್ವಲ್ಪ ಸ್ವಲ್ಪ ಇಳೀತಿದ್ರೆ ಭಯ ಇಲ್ಲ ಮಗಳೇ. ನಿಂತ್ರೆ ಭಯ. ಮೇಲಿಂದ ನೋಡಿದ್ರೆ ಎಲ್ಲ ತಣ್ಣಗೆ, ಏನೂ ಆಗಿಲ್ಲ ಅನ್ನಿಸುತ್ತೆ. ಒಳಗಡೆ ಸರಕು ಒಂದಕ್ಕೊಂದು ಕಚ್ಕೊಂಡು ಚಪ್ಪರ ಕಟ್ಟಿರುತ್ತೆ. ಅದರ ಕೆಳಗೆ ಪೊಳ್ಳು. ಎಷ್ಟು ಹೊತ್ತು ನಿಲ್ಲುತ್ತೋ ಅಷ್ಟು ಜೋರಾಗಿ ಬೀಳುತ್ತೆ."

"ಆಗ ಏನ್ಮಾಡ್ತೀರಿ?" ಎಂದು ಅಕ್ಕ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

"ಕೆಳಗಿನ ಗಾಳಿ ತಗ್ಗಿಸ್ತೀವಿ. ನಾವೇ ಬೀಳಿಸ್ತೀವಿ. ಪೊಳ್ಳು ಸಣ್ಣದಾಗಿರೋವಾಗ್ಲೇ ಬಿದ್ಬಿಟ್ರೆ ಒಂದ್ಸಲ ಧಡಕ್ ಅಂದು ಸುಮ್ಮನಾಗುತ್ತೆ."

ಕಣಜದ ಭತ್ತವೂ ಹಾಗೆಯೇ, ಕೆಳಗಿನ ಕಿಂಡಿಯಿಂದ ತೆಗೆಯುತ್ತಾ ಹೋದರೆ ಮೇಲೆ ಸಮವಾಗಿಯೇ ಕಾಣುತ್ತದೆ, ಅದನ್ನು ನಂಬಿ ಮೇಲೆ ಕಾಲಿಡಬಾರದು ಎಂದು ಅಜ್ಜಿಯೂ ಸೇರಿಸಿದಳು. ಎಲ್ಲರೂ ತಲೆದೂಗಿದೆವು. ಎಷ್ಟು ತಿಳಿದ ಜನ ನಾವು! ಇಷ್ಟೆಲ್ಲ ಊಟದ ಮಣೆಯ ಮೇಲೆ ಕೂತು ಮಾತಾಡಿಯೂ ಸ್ವಂತ ಮನೆಯ ವಿಷಯಕ್ಕೆ ಬಂದಾಗ ಒಬ್ಬರಿಗೂ ಅದು ಹೊಳೆಯಲಿಲ್ಲ.

ನಮ್ಮ ಮನೆಯಲ್ಲಿ ಸದ್ದಿಗೆ ಜಾಗವೇ ಇರಲಿಲ್ಲ. ಬೆಳಿಗ್ಗೆ ಅಜ್ಜಿ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಮುಗಿಯುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಅಪ್ಪ ರಾತ್ರಿ ಪಾಳಿಯಲ್ಲಿದ್ದ ವಾರ, ಪೂಜೆ ಮುಗಿಯುವ ಹೊತ್ತಿಗೆ ಅವರು ಮಲಗಿರುತ್ತಿದ್ದರು. ಆಮೇಲೆ ಸಂಜೆ ನಾಲ್ಕರವರೆಗೆ ಪಿಸುಮಾತೂ ಇಲ್ಲ. ಅಮ್ಮ ಒರಳಿನ ಕೆಲಸವನ್ನು ಪಕ್ಕದ ಮನೆಗೆ ಒಯ್ಯುತ್ತಿದ್ದಳು. ಕೊಡದ ಕೆಳಗೆ ಗೋಣಿತಟ್ಟು ಹಾಸುತ್ತಿದ್ದಳು.

ಅಕ್ಕ ಮತ್ತು ನಾನು ಬೆರಳಿನಲ್ಲೇ ಮಾತಾಡಲು ಕಲಿತದ್ದು ಹಾಗೆ. ಅದನ್ನು ಹುಟ್ಟುಹಾಕಿದವಳು ಅಕ್ಕ. ಹಣೆಯ ಮೇಲೆ ಮೂರು ಬೆರಳು ಎಳೆದರೆ ಅಜ್ಜಿ. ಇಲ್ಲದ ಮೀಸೆ ತಿರುವಿದರೆ ಅಪ್ಪ. ಅಂಗೈಯನ್ನು ಕೆನ್ನೆಗೆ ಒತ್ತಿದರೆ ಮಲಗಿದ್ದಾರೆ. ಮೀಸೆ ತಿರುವಿ, ಕಣ್ಣಿನ ಎದುರಿಗೆ ಎರಡು ಬೆರಳನ್ನು ರೆಪ್ಪೆಯ ಹಾಗೆ ತೆರೆದು, ಹುಬ್ಬು ಎತ್ತಿದರೆ "ಅಪ್ಪ ಎದ್ದಿದ್ದಾರಾ?" ಎಂದು ಅರ್ಥ. ನಾವು ಅತಿ ಹೆಚ್ಚು ಸಲ ಕೇಳಿಕೊಂಡ ಪ್ರಶ್ನೆ ಅದೇ. ಅಮ್ಮನೂ ಕಲಿತಳು. ಅಜ್ಜಿ ಮೊದಲು ಬೈದು ಆಮೇಲೆ ಕಲಿತಳು. ಮನೆಯಲ್ಲಿ ಆ ಭಾಷೆ ಬಾರದಿದ್ದವರು ಅಪ್ಪ ಒಬ್ಬರೇ. ನಾವು ಅದನ್ನು ಆಡುವಾಗಲೆಲ್ಲ ಅವರು ನಿದ್ದೆಯಲ್ಲಿರುತ್ತಿದ್ದರಲ್ಲ.

ಪಕ್ಕದ ಮನೆಯಲ್ಲಿ ಒಂದು ತಮಿಳು ಸಂಸಾರ. ಆ ಗಂಡಸೂ ಫರ್ನೇಸಿನವನೇ. ಅವರ ಬಾಗಿಲಿಗೂ ಅಂಗಿ ತೂಗುತ್ತಿತ್ತು, ಆದರೆ ಅದರ ಹಿಂದೆಯೇ ಗಂಡಹೆಂಡಿರ ಕೂಗಾಟ ಕೇಳುತ್ತಿತ್ತು. ಅವಳು ಪಾತ್ರೆ ಎಸೆಯುವಳು, ಅವನು ಎದ್ದು ಬಂದು ಜಗಲಿಯಲ್ಲಿ ಕೂತು ಬೀಡಿ ಸೇದುವನು. ಸಂಜೆ ನೋಡಿದರೆ ಇಬ್ಬರೂ ಒಟ್ಟಿಗೆ ಕೂತು ಕಡಲೆಕಾಯಿ ಸುಲಿಯುತ್ತಿರುವರು. ಅಜ್ಜಿಗೆ ಅವರನ್ನು ಕಂಡರೆ ಆಗದು. "ಮಾನಮರ್ಯಾದೆ ಇಲ್ಲದ ಸಂಸಾರ" ಎನ್ನುತ್ತಿದ್ದಳು. ಆ ಹೆಂಗಸು ಒಂದು ದಿನ ಗೋಡೆಯಾಚೆಯಿಂದ ಅಮ್ಮನನ್ನು ಕೇಳಿದಳು: "ಎನ್ನಮ್ಮಾ, ನಿಮ್ಮ ಮನೇಲಿ ಜನ ಇದಾರಾ, ಇಲ್ಲಾ ಬೀಗ ಹಾಕಿದೀರಾ?" ಅಮ್ಮ ನಕ್ಕಳು. ಆಮೇಲೆ ಒಳಗೆ ಬಂದು, ಆರಿಸಿಟ್ಟಿದ್ದ ಅಕ್ಕಿಯನ್ನೇ ಮತ್ತೆ ಆರಿಸುತ್ತಾ ಕೂತಳು.

ಅಕ್ಕ ಶಾಲೆ ಮುಗಿಸಿದ ಮೇಲೆ ಶಿವಮೊಗ್ಗದಲ್ಲಿ ಟೀಚರ್ ಟ್ರೇನಿಂಗಿಗೆ ಸೇರಿದಳು. ಅದಕ್ಕೆ ಕಾರಣ ನಮ್ಮ ಸೋದರತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಅತ್ತೆ ಅಲ್ಲಿನ ಹೊಸಮನೆ ಬಡಾವಣೆಯಲ್ಲಿ ಒಬ್ಬಳೇ ಇದ್ದಳು. "ನನಗೂ ಜೊತೆ ಆಗುತ್ತೆ, ಹುಡುಗಿ ಕೈಗೆ ಒಂದು ವಿದ್ಯೆನೂ ಆಗುತ್ತೆ" ಎಂದು ತಮ್ಮನನ್ನು ಒಪ್ಪಿಸಿ ಕರೆದುಕೊಂಡು ಹೋದಳು. ಅಕ್ಕನಿಗೆ ಅಲ್ಲಿ ಏನಾಯಿತೋ, ಅವಳ ನಡಿಗೆಯೇ ಬೇರೆಯಾಯಿತು. ರಜೆಗೆ ಬಂದಾಗ ನನ್ನನ್ನು, ಎರಡು ದಿಂಬುಗಳನ್ನು, ಅಜ್ಜಿಯ ಚೆಂಬನ್ನು ಸಾಲಾಗಿ ಕೂರಿಸಿ, ತುಟಿ ಮಾತ್ರ ಆಡಿಸುತ್ತಾ ಸದ್ದಿಲ್ಲದೆ ಪಾಠ ಮಾಡುತ್ತಿದ್ದಳು. ಪ್ರಶ್ನೆಗೆ ಉತ್ತರ ಕೊಡದ ಚೆಂಬಿನ ಕಿವಿ ಹಿಂಡುತ್ತಿದ್ದಳು. ನಾನು ನಗು ತಡೆಯಲು ಬಾಯಿಗೆ ಲಂಗದ ಅಂಚು ತುರುಕಿಕೊಳ್ಳುತ್ತಿದ್ದೆ.

ಟ್ರೇನಿಂಗ್ ಮುಗಿಯಲು ಇನ್ನೇನು ಎರಡು ತಿಂಗಳಿದೆ ಎನ್ನುವಾಗ ಸಂಬಂಧ ಬಂತು. ಶಿವಮೊಗ್ಗದ ಅಡಿಕೆ ಮಂಡಿಯವರು, ನಮ್ಮವರೇ, ಒಳ್ಳೆಯ ಜನ. ಹುಡುಗನ ಬಗ್ಗೆಯೂ ಕೆಟ್ಟ ಮಾತು ಹೇಳುವಂಥದ್ದೇನೂ ಇರಲಿಲ್ಲ. ಒಂದೇ ಮಾತು ಅವರದು: ಸೊಸೆ ಸಂಬಳಕ್ಕೆ ಹೋಗುವುದು ಬೇಡ. ಅಪ್ಪ ಒಪ್ಪಿ ವೀಳ್ಯಶಾಸ್ತ್ರಕ್ಕೆ ದಿನ ಇಟ್ಟುಕೊಂಡು ಬಂದರು. ಅಕ್ಕನನ್ನು ಯಾರೂ ಕೇಳಲಿಲ್ಲ. ಕೇಳಬಾರದೆಂದಲ್ಲ, ಕೇಳಬೇಕೆಂದು ತಲೆಗೇ ಬರಲಿಲ್ಲ. ಅಕ್ಕನೆಂದರೆ ಹೂಂ ಎನ್ನುವವಳು ಎಂದು ಎಲ್ಲರಿಗೂ ರೂಢಿಯಾಗಿತ್ತು.

ಅಕ್ಕ ಬಯಸಿದ್ದು ತೀರ ಸಣ್ಣದು. ನನಗೆ ಅದು ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು. ಬಚ್ಚಲ ಒಲೆಯ ಎದುರಿಗೆ ಕೂತು ಅವಳು ನಮ್ಮಿಬ್ಬರಿಗೂ ಹೇಳಿದ್ದಳು: "ಮದುವೆ ಬೇಡ ಅಂತಿಲ್ಲಮ್ಮ. ಎರಡು ವರ್ಷ ಕೆಲಸ ಮಾಡ್ತೀನಿ. ಆಮೇಲೆ ಅಪ್ಪ ಹೇಳಿದ ಕಡೆ ಮದುವೆ ಆಗ್ತೀನಿ. ಇಷ್ಟು ಅಪ್ಪಂಗೆ ನಾನೇ ಹೇಳ್ತೀನಿ."

"ಬೇಡ ಕಣೇ" ಎಂದಳು ಅಮ್ಮ. "ಅಜ್ಜಿ ಕಿವಿಗೆ ಬಿದ್ರೆ ಮನೆ ರಣರಂಗ ಆಗುತ್ತೆ. ಮದುವೆ ಒಂದು ಆಗ್ಲಿ, ತಾನಾಗೇ ಎಲ್ಲ ಸರಿಹೋಗುತ್ತೆ."

ಅಮ್ಮ ಕೆಟ್ಟವಳಲ್ಲ. ಅವಳಿಗೆ ಹೆದರಿಕೆ. ಅಪ್ಪ ಕೂಗಿದ್ದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಕೇಳಿರಲಿಲ್ಲ, ಅಮ್ಮನೂ ಕೇಳಿದ್ದಳೋ ಇಲ್ಲವೋ. ಯಾವತ್ತೂ ಕೂಗದವರು ಕೂಗಿದರೆ ಏನಾದೀತು ಎಂಬುದೇ ಅವಳ ಹೆದರಿಕೆ. ಪತ್ರ ಬರೆಯಬಹುದಿತ್ತಲ್ಲ ಎಂದು ಈಗಿನ ಮಕ್ಕಳು ಕೇಳುತ್ತಾರೆ. ಮನೆಗೆ ಬಂದ ಪತ್ರವನ್ನು ಅಜ್ಜಿಯ ಎದುರು ಗಟ್ಟಿಯಾಗಿ ಓದಬೇಕಿತ್ತು. ಅಪ್ಪನಿಗೆಂದು ಪ್ರತ್ಯೇಕವಾಗಿ ಹೋಗುವ ದಾರಿ ಇರಲಿಲ್ಲ.

ಹಾಗಾಗಿ ಅಕ್ಕ ತಾನೇ ಬಂದಳು. ಮಧ್ಯಾಹ್ನದ ರೈಲಿಗೆ ಶಿವಮೊಗ್ಗದಿಂದ ಬಂದು ಮೂರೂವರೆಯ ರೈಲಿಗೆ ವಾಪಸು ಹೋಗಬೇಕು. ಹೆಚ್ಚು ರಜೆ ಕೊಡುತ್ತಿರಲಿಲ್ಲ. ಮೊದಲ ಸಲ ಬಂದಾಗ ಅಂಗಿ ತೂಗುತ್ತಿತ್ತು, ಅಪ್ಪ ನಿಜವಾಗಿಯೂ ಗಾಢ ನಿದ್ದೆಯಲ್ಲಿದ್ದರು. ನಾಲ್ಕು ಗಂಟೆಗೆ ಮೊದಲು ಅವರನ್ನು ಎಬ್ಬಿಸುವುದು ನಮ್ಮ ಮನೆಯಲ್ಲಿ ಯಾರೂ ಮಾಡದ ಕೆಲಸ. ಅಕ್ಕ ಊಟ ಮಾಡಿ ಹೋದಳು. ಎರಡನೆಯ ಸಲ ಬಂದಾಗ ಅಪ್ಪ ಮನೆಯಲ್ಲೇ ಇರಲಿಲ್ಲ. ಜೊತೆಯವನೊಬ್ಬ ಬಾರದೆ ಎರಡು ಪಾಳಿ ಸೇರಿಸಿ ಮಾಡುತ್ತಿದ್ದರು.

ಮೂರನೆಯ ಸಲ ಬಂದದ್ದು ವೀಳ್ಯಶಾಸ್ತ್ರಕ್ಕೆ ನಾಲ್ಕು ದಿನ ಇರುವಾಗ. ಮತ್ತೆ ಬರಲು ಆಗುವುದಿಲ್ಲವೆಂದು ಬಾಗಿಲಲ್ಲೇ ಹೇಳಿದಳು. ಮುಖದಲ್ಲಿ ಬೆವರು, ಕೈಯಲ್ಲಿ ಮಡಚಿ ಹಿಡಿದ ಕರವಸ್ತ್ರ. ನಡುಮನೆಯಲ್ಲಿ ಗೋಡೆಗೊರಗಿ ಕೂತು, ನನಗೆ ಮೀಸೆ ತಿರುವಿ ತೋರಿಸಿದಳು, ಎರಡು ಬೆರಳು ತೆರೆದಳು. ಅಪ್ಪ ಎದ್ದಿದ್ದಾರಾ?

ನೋಡಿ ಬರಲು ನಾನು ಕೋಣೆಗೆ ಹೋದೆ. ಅಪ್ಪ ಎದ್ದಿದ್ದರು. ಅಂಗಾತ ಮಲಗಿ, ಎರಡೂ ಕೈ ತಲೆಯ ಕೆಳಗಿಟ್ಟುಕೊಂಡು ಹೆಂಚು ನೋಡುತ್ತಿದ್ದರು. ನನ್ನನ್ನು ಕಂಡು "ಗಂಟೆ ಎಷ್ಟಾಯ್ತಮ್ಮ?" ಎಂದು ಕೇಳಿ ಒಮ್ಮೆ ಕೆಮ್ಮಿದರು. ಎರಡೂವರೆ ಎಂದೆ. "ಹಾಗಾದ್ರೆ ಇನ್ನೂ ಹೊತ್ತಿದೆ" ಎಂದು ಮಗ್ಗುಲಾದರು. ಕೋಣೆಯಿಂದ ಹೊರಗೆ ಬಂದರೆ ಅಡಿಗೆಮನೆಯ ಬಾಗಿಲಲ್ಲಿ ಅಮ್ಮ. ಅಕ್ಕನಿಗೆ ಕಾಣದ ಹಾಗೆ ನಿಂತು ಅಂಗೈಯನ್ನು ಕೆನ್ನೆಗೆ ಒತ್ತಿ ತೋರಿಸಿದಳು. ಮಲಗಿದ್ದಾರೆ ಎಂದು ಹೇಳು. ಕಣ್ಣಿನಲ್ಲಿ ಬೇಡಿಕೊಳ್ಳುತ್ತಿದ್ದಳು.

ನಾನು ಅಕ್ಕನ ಎದುರಿಗೆ ಹೋಗಿ ಅಂಗೈಯನ್ನು ಕೆನ್ನೆಗೆ ಒತ್ತಿದೆ.

ಅಕ್ಕ ನನ್ನನ್ನೇ ನೋಡಿದಳು. ಮತ್ತೊಮ್ಮೆ ಕೇಳಲಿಲ್ಲ. ಕರವಸ್ತ್ರವನ್ನು ಇನ್ನೂ ಸಣ್ಣದಾಗಿ ಮಡಚಿ, ಎದ್ದು ಚಪ್ಪಲಿ ಮೆಟ್ಟಿಕೊಂಡಳು. ಹೋಗುವಾಗ ಬಾಗಿಲಲ್ಲಿ ತೂಗುತ್ತಿದ್ದ ಅಂಗಿಯ ತೋಳನ್ನು ಹಿಡಿದು, ಸುಕ್ಕು ನೇರ ಮಾಡಿ ಬಿಟ್ಟಳು. ರೈಲಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ವೀಳ್ಯಶಾಸ್ತ್ರದ ದಿನ ಕ್ವಾರ್ಟರ್ಸಿನ ಮುಂದೆ ಚಪ್ಪರ ಹಾಕಿದ್ದರು. ಗಂಡಿನ ಕಡೆಯವರು ಇಪ್ಪತ್ತು ಮಂದಿ, ನಮ್ಮ ಸಾಲಿನವರು, ಅಪ್ಪನ ಜೊತೆ ಕೆಲಸ ಮಾಡುವವರು. ಹಿರಿಯರೊಬ್ಬರು ತಾಂಬೂಲದ ತಟ್ಟೆ ಹಿಡಿದು ಎದ್ದು ನಿಂತು, ಇಂಥವರ ಮಗಳನ್ನು ಇಂಥವರ ಮಗನಿಗೆ ಕೊಡುವುದೆಂದು ಮಾತಾಗಿದೆ, ಎಲ್ಲರಿಗೂ ಒಪ್ಪಿಗೆಯೋ ಎಂದು ಕೇಳಿದರು. ಅದು ಕೇಳುವ ಪದ್ಧತಿ. ಗಂಡಸರು ಒಪ್ಪಿಗೆ ಎನ್ನುತ್ತಾರೆ, ತಟ್ಟೆ ಕೈ ಬದಲಾಗುತ್ತದೆ. ಒಳಗೆ ಕೂತ ಹುಡುಗಿಗೂ ಆ ಪ್ರಶ್ನೆಗೂ ಸಂಬಂಧವಿಲ್ಲ.

ಅಕ್ಕ ಬಾಗಿಲಿಗೆ ಬಂದು ನಿಂತಳು. "ನಂಗೆ ಒಪ್ಪಿಗೆ ಇಲ್ಲ."

ಆ ಧ್ವನಿ ಅಷ್ಟು ದೊಡ್ಡದಿರಬಹುದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಅವಳ ಸೆರಗು ಹಿಡಿದು ಎಳೆದಳು. ಅಕ್ಕ ಬಿಡಿಸಿಕೊಂಡಳು. "ಈ ಮದುವೆ ಬೇಡ. ಯಾವ ಮದುವೆನೂ ಬೇಡ. ಈ ಮನೆನೂ ಬೇಡ. ಇದು ಮನೆ ಅಲ್ಲ, ಗೋರಿ." ಇನ್ನೂ ಏನೇನೋ ಅಂದಳು. ಅಜ್ಜಿಗೆ, ಅಮ್ಮನಿಗೆ, ಆ ಪಾಪದ ಹುಡುಗನಿಗೂ. ಎರಡು ವರ್ಷ ಎಂಬ ಮಾತು ಮಾತ್ರ ಅದರಲ್ಲಿ ಎಲ್ಲಿಯೂ ಬರಲಿಲ್ಲ. ಆ ಮಾತು ಚಿಕ್ಕದಾಗಿತ್ತು, ಅಷ್ಟು ದೊಡ್ಡ ಸಿಟ್ಟಿನಲ್ಲಿ ಅದಕ್ಕೆ ಜಾಗ ಉಳಿದಿರಲಿಲ್ಲ.

ಗಂಡಿನ ಕಡೆಯವರು ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಹುಡುಕಿಕೊಂಡರು. ಅಪ್ಪ ಆಗಲೂ ಕೂಗಲಿಲ್ಲ. ತಟ್ಟೆಯಿಂದ ಚೆಲ್ಲಿದ್ದ ಅಡಿಕೆಯನ್ನು ಬಗ್ಗಿ ಆರಿಸುತ್ತಾ, ಮುಖ ಎತ್ತದೆಯೇ, "ಮನೆ ಬೇಡ ಅಂದ್ಯಲ್ಲ, ಹೋಗು" ಎಂದರು. ಅತ್ತೆ ಅಕ್ಕನ ಟ್ರಂಕು ತೆಗೆದುಕೊಂಡಳು. ಸಂಜೆಯ ರೈಲಿಗೆ ಇಬ್ಬರೂ ಹೋದರು. ನಾನು ಸ್ಟೇಷನ್ನಿಗೂ ಹೋಗಲಿಲ್ಲ, ಹೋಗಿದ್ದರೆ ಅವಳ ಮುಖ ನೋಡಬೇಕಾಗುತ್ತಿತ್ತು.

ಆಮೇಲೆ ಮನೆ ಮೊದಲಿನ ಹಾಗೆ ಆಗುತ್ತದೆಂದು ನಾನು ಕಾದೆ. ಆಗಲಿಲ್ಲ. ಒಂದು ಕಲ್ಲು ಜಾರಿದ್ದಕ್ಕೆ ಅದರ ಮೇಲಿನದು, ಮೇಲಿನದಕ್ಕೆ ಪಕ್ಕದ್ದು, ಹೀಗೆ ಎಲ್ಲವೂ ಜಾಗ ಬದಲಾಯಿಸುತ್ತಾ ಹೋಯಿತು. ಸಾಲಿನ ಹೆಂಗಸರ ಕಣ್ಣು ಎದುರಿಸಲಾರದೆ ಅಜ್ಜಿ ತಿಂಗಳೊಳಗೆ ಚಿಕ್ಕಪ್ಪನ ಊರಿಗೆ ಹೊರಟುಹೋದಳು. ಅಜ್ಜಿ ಹೋದ ಮೇಲೆ ಬೆಳಗಿನ ಮೌನ ಹೋಯಿತು. ಬೆಳಗಿನ ಮೌನ ಹೋದ ಮೇಲೆ ಅಮ್ಮನಿಗೆ ಮಾತು ಬಂತು. "ಅಡಿಕೆ ಆರಿಸ್ತಾ ಕೂತ್ರಲ್ಲ, ಮಗಳ ಮುಖ ನೋಡೋಕೆ ಆಗ್ಲಿಲ್ವಾ?" ಎಂದು ಅವಳು ಅಪ್ಪನಿಗೆ ಕೂಗಿದ್ದನ್ನು ನಾನು ಹಿತ್ತಿಲಿನಿಂದ ಕೇಳಿಸಿಕೊಂಡೆ. ಅಪ್ಪನೂ ಕೂಗಿದರು. ಏನೂ ಆಗಲಿಲ್ಲ. ಆಕಾಶ ಬೀಳಲಿಲ್ಲ, ಸಂಜೆ ಇಬ್ಬರೂ ಕಾಫಿ ಕುಡಿದರು. ಇಷ್ಟಕ್ಕೇ ನಾವು ಇಷ್ಟು ವರ್ಷ ಹೆದರಿದ್ದು.

ಹಗಲು ನಿದ್ದೆ ಹತ್ತದೆ ಅಪ್ಪ ಸಾಹೇಬರನ್ನು ಕೇಳಿಕೊಂಡು ಹಗಲು ಕೆಲಸಕ್ಕೆ ಬಂದರು. ಈ ಸಲ ಗಾಳಿ ಊದುವ ಯಂತ್ರಗಳ ಮನೆಯಲ್ಲಿ. ಅಲ್ಲಿನ ಸದ್ದು ಅವರ ಕಿವಿಯನ್ನು ಸ್ವಲ್ಪ ಸ್ವಲ್ಪವಾಗಿ ತಿನ್ನತೊಡಗಿತು. ಖಾಕಿ ಅಂಗಿ ನೆಲ ಒರೆಸುವ ಬಟ್ಟೆಯಾಯಿತು. ಆ ಮನೆಯ ಹುಡುಗಿಯರು ಹಾಗಂತೆ, ಹೀಗಂತೆ ಎಂದು ಸುದ್ದಿ ಹಬ್ಬಿದ್ದರಿಂದ ನನಗೆ ಒಂದು ಸಂಬಂಧವೂ ಬರಲಿಲ್ಲ. ಸಂಬಂಧ ಬಾರದ ಹುಡುಗಿ ಮನೆಯಲ್ಲಿ ಕೂತು ಏನು ಮಾಡಬೇಕು? ಓದಿದಳು. ಹೈಸ್ಕೂಲು ಮುಗಿಸಿದೆ, ಶಿವಮೊಗ್ಗದ ಕಾಲೇಜಿಗೆ ರೈಲಿನಲ್ಲಿ ಓಡಾಡಿದೆ. ಫೀಸಿಗೆ, ಪುಸ್ತಕಕ್ಕೆ, ಗಂಡುಹುಡುಗರ ಜೊತೆ ತರಗತಿಯಲ್ಲಿ ಕೂರುವುದಕ್ಕೆ ಅಪ್ಪನ ಹತ್ತಿರ ಎದುರುಬದುರು ನಿಂತು ಜಗಳ ಆಡಿದೆ. ಗೆದ್ದೆ ಕೂಡ.

ಯಾರೂ ಯೋಚಿಸಿ ಮಾಡಿದ ಬದಲಾವಣೆಯಲ್ಲ ಅದು. ಗಟ್ಟಿಯಾಗಿ ನಿಂತಿದ್ದ ಮನೆ ಯಾರ ಬುದ್ಧಿಮಾತಿಗೂ ಅಲ್ಲಾಡುತ್ತಿರಲಿಲ್ಲ. ಬಿದ್ದಿದ್ದರಿಂದ ಬದಲಾಯಿತು, ಬಿದ್ದ ರಭಸ ಎಲ್ಲಿಗೆ ತಳ್ಳಿತೋ ಅಲ್ಲಿಗೆ ಒಬ್ಬೊಬ್ಬರೂ ಹೋಗಿ ನಿಂತೆವು. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಪಡೆದವಳು ನಾನು. ಪಾಲು ಸಿಗದೆ ಹೋದವಳು ಅಕ್ಕ. ಬೀಳಿಸಿದವಳು ಅವಳು, ಚಿಗುರಿದ್ದು ನಾನು. ಇದನ್ನು ನ್ಯಾಯ ಎನ್ನುವವರ ಜೊತೆ ನನಗೆ ಮಾತಿಲ್ಲ.

ಅಕ್ಕ ಶಿವಮೊಗ್ಗದಲ್ಲೇ ಪ್ರೈಮರಿ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾಗಲಿಲ್ಲ. ಮೂವತ್ತು ತುಂಬುವ ಮೊದಲೇ ಅವಳ ಕೆನ್ನೆಯ ಮೂಳೆ ಎದ್ದು ಕಾಣುತ್ತಿತ್ತು. ಸಂಜೆ ಕಾಲೇಜು ಬಿಟ್ಟ ಮೇಲೆ ನಾನು ಹೊಸಮನೆಗೆ ಹೋಗುತ್ತಿದ್ದೆ. ಅವಳು ತಿಂಡಿ ಕೊಡುವಳು, ಪಾಠ ಏನಾಯಿತೆಂದು ಕೇಳುವಳು. ನಾವು ಬೆರಳಿನಲ್ಲಿ ಮಾತಾಡುವುದನ್ನು ಬಿಟ್ಟುಬಿಟ್ಟಿದ್ದೆವು. ಅಪ್ಪನ ಹೆಸರು ಅವಳು ಎತ್ತಲಿಲ್ಲ, ಭದ್ರಾವತಿಗೆ ಕಾಲಿಡಲಿಲ್ಲ. ಆ ಮಧ್ಯಾಹ್ನದ ವಿಷಯ ಹೇಳಿಬಿಡಬೇಕೆಂದು ನಾನು ಎಷ್ಟೋ ಸಲ ಬಾಯಿ ತೆರೆದು, ಇನ್ನೊಂದು ಲೋಟ ನೀರು ಕೇಳಿದ್ದೇನೆ. ಅತ್ತೆ ತೀರಿಕೊಂಡಾಗ ಅಪ್ಪ ಅಂಗಳದಲ್ಲೇ ನಿಂತಿದ್ದು ಮಣ್ಣಿಗೆ ಹೋಗಿಬಂದರು, ಅಕ್ಕ ಒಳಗಿದ್ದಳು. ಇಬ್ಬರೂ ಮಾತಾಡಲಿಲ್ಲ.

ಹೀಗೇ ಒಂಬತ್ತು ವರ್ಷ. ಒಂಬತ್ತನೆಯ ವರ್ಷ ಅಮ್ಮ ಜ್ವರದಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಹೋಗುವುದಕ್ಕೆ ಮುಂಚೆ ಅಪ್ಪನ ಕಿವಿಗೆ ಬಾಯಿಟ್ಟು ಏನೋ ಹೇಳಿದ್ದಳು. ತಿಥಿಗೆ ಬಂದಿದ್ದ ನೆಂಟರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಕರೆದರು. ಆ ಹೊತ್ತಿಗೆ ಬಲಗಿವಿ ಪೂರ್ತಿ ಹೋಗಿತ್ತು, ಎಡಗಿವಿಯಲ್ಲಿ ಒಂದು ಚೂರು ಉಳಿದಿತ್ತು. "ಅವಳು ಏನೋ ಕೇಳೋಕೆ ಅಂತ ಮೂರು ಸಲ ಬಂದಿದ್ಳಂತೆ. ನಾನು ಮಲಗಿದ್ದೆನಂತೆ" ಎಂದರು. "ಏನು ಕೇಳೋಕೆ ಅಂತ ನಿಮ್ಮಮ್ಮ ಹೇಳೋಕಾಗ್ಲಿಲ್ಲ. ಕೆಮ್ಮು ಬಂತು. ನಡಿ, ಶಿವಮೊಗ್ಗಕ್ಕೆ ಹೋಗೋಣ."

ಮಲಗಿದ್ದೆನಂತೆ! ಅಮ್ಮ ಸಾಯುವಾಗಲೂ ನನ್ನ ಸುಳ್ಳನ್ನು ಮುಚ್ಚಿಟ್ಟು ನನ್ನನ್ನು ಉಳಿಸಿಹೋಗಿದ್ದಳು.

ಭಾನುವಾರ ಹೋದೆವು. ಅಕ್ಕ ಬಾಗಿಲು ತೆರೆದು, ಅಪ್ಪನನ್ನು ನೋಡಿ, ಪಕ್ಕಕ್ಕೆ ಸರಿದು ನಿಂತಳು. ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂತು, ಗೋಡೆಗೆ ಅಂಟಿಸಿದ್ದ ಮಕ್ಕಳ ಚಿತ್ರಗಳನ್ನು ಒಂದೊಂದಾಗಿ ನೋಡಿದರು. ಅಕ್ಕ ಕಾಫಿ ತಂದು ಮುಂದಿಟ್ಟು ನಿಂತಳು.

"ಆವಾಗ ಏನೋ ಹೇಳೋಕೆ ಬಂದಿದ್ಯಂತೆ" ಎಂದರು ಅಪ್ಪ, ಕಿವುಡರ ಆ ದೊಡ್ಡ ಧ್ವನಿಯಲ್ಲಿ. "ಈಗ ಹೇಳಮ್ಮ."

ಅಕ್ಕ ಹೇಳಿದಳು, ಮೆಲ್ಲಗೆ. ಅಪ್ಪ ಮುಖ ಮುಂದೆ ತಂದರು. "ಆಂ? ಜೋರಾಗಿ ಹೇಳು." ಅವಳು ಮತ್ತೆ ಬಾಯಿ ತೆರೆದಳು, ಧ್ವನಿ ಹೊರಡಲಿಲ್ಲ. ದಿನವಿಡೀ ಐವತ್ತು ಮಕ್ಕಳ ಎದುರು ಕೂಗುವವಳು ಕಿಟಕಿಯ ಕಡೆ ತಿರುಗಿ ನಿಂತುಬಿಟ್ಟಳು. ಆಮೇಲೆ ನನ್ನ ಕಡೆ ನೋಡಿದಳು. ಕೈ ಮೇಲೆತ್ತಿ ಇಲ್ಲದ ಮೀಸೆ ತಿರುವಿದಳು. ಕಣ್ಣಿನ ಎದುರಿಗೆ ಎರಡು ಬೆರಳು ತೆರೆದಳು. ತುಟಿಯಲ್ಲಿ ನಗುವಿನಂಥದ್ದು ಏನೋ ಇತ್ತು, ಕಣ್ಣು ತುಂಬಿತ್ತು.

ಅಪ್ಪ ಏನಾದರೂ ಅಂಟಿದೆಯೋ ಎಂದು ತಮ್ಮ ಮೀಸೆಯನ್ನು ಮುಟ್ಟಿ ನೋಡಿಕೊಂಡರು.

ನನಗೆ ತಡೆಯಲಾಗಲಿಲ್ಲ. "ಆವತ್ತೂ ಎದ್ದಿದ್ರು ಅಕ್ಕ" ಎಂದೆ. "ಮೂರನೇ ಸಲ ನೀನು ಬಂದಾಗ. ನಾನು ಸುಳ್ಳು ಹೇಳಿದೆ. ಅಮ್ಮ ಹೇಳಿಸಿದ್ದು. ಅಪ್ಪಂಗೆ ನೀನು ಬಂದಿದ್ದೇ ಗೊತ್ತಿರ್ಲಿಲ್ಲ."

ಅಕ್ಕನ ಕೈ ಹಾಗೇ ಕೆಳಗಿಳಿಯಿತು. "ಎದ್ದಿದ್ರು ಅಂತ ಗೊತ್ತಿತ್ತು ಕಣೇ" ಎಂದಳು. "ಕೆಮ್ಮಿದ್ದು ಕೇಳಿಸ್ತಲ್ಲ. ಅಪ್ಪಾನೇ ಹಾಗೆ ಹೇಳು ಅಂತ ನಿನ್ನ ಕಳಿಸಿದ್ರು ಅಂದ್ಕೊಂಡಿದ್ದೆ."

"ಒಂಬತ್ತು ವರ್ಷ?"

"ಇವತ್ತಿನವರೆಗೂ."

"ಏನಂತಾಳೆ? ಏನಂತಾಳಮ್ಮ ಅವಳು?" ಅಪ್ಪ ನಮ್ಮಿಬ್ಬರ ಮುಖವನ್ನೂ ನೋಡುತ್ತಾ ಕೇಳುತ್ತಿದ್ದರು. ನಾನು ಅಳುತ್ತಿದ್ದೆ, ನನ್ನಿಂದ ಏನೂ ಪ್ರಯೋಜನವಿರಲಿಲ್ಲ.

"ಯಾವ ಕಿವಿ ಕೇಳುತ್ತೆ?" ಎಂದು ಅಕ್ಕ ನನ್ನನ್ನು ಕೇಳಿದಳು. ಎಡಗಡೆ ತೋರಿಸಿದೆ. ಅವಳು ಶಾಲೆಯ ಮಕ್ಕಳು ಕೂರುವಂಥ ಗಿಡ್ಡ ಮಣೆಯೊಂದನ್ನು ಎಳೆದುಕೊಂಡು ಅಪ್ಪನ ಎಡಕ್ಕೆ ಕೂತಳು. ಅವರ ಭುಜದ ಮೇಲೆ ಕೈಯಿಟ್ಟು, ಕಿವಿಗೆ ಬಾಯಿಟ್ಟು, ಬಚ್ಚಲ ಒಲೆಯ ಎದುರಿಗೆ ನಮಗೆ ಹೇಳಿದ್ದ ಅದೇ ಮಾತನ್ನು ಬಿಡಿಬಿಡಿಯಾಗಿ ಹೇಳಿದಳು.

"ಎರಡು ವರ್ಷ ಕೆಲಸ ಮಾಡ್ತೀನಿ ಅಪ್ಪ. ಆಮೇಲೆ ನೀವು ಹೇಳಿದ ಕಡೆ ಮದುವೆ ಆಗ್ತೀನಿ."

ಈ ಸಲ ಅವರಿಗೆ ಕೇಳಿಸಿತು. ಇನ್ನೂ ಏನೋ ಇದೆ ಎನ್ನುವಂತೆ ಕಿವಿಯನ್ನು ಹಾಗೆಯೇ ಇಟ್ಟುಕೊಂಡು ಕಾದರು. ಬೇರೇನೂ ಬರಲಿಲ್ಲ. ನಿಧಾನವಾಗಿ ತಿರುಗಿ, ನರೆತ ಕೂದಲು ಅಲ್ಲಲ್ಲಿ ಇಣುಕುತ್ತಿದ್ದ ಮಗಳ ತಲೆಯನ್ನು, ಅವಳ ಕೆನ್ನೆಯ ಮೂಳೆಯನ್ನು ನೋಡಿದರು.

"ಎರಡೇ ವರ್ಷನಾ?" ಎಂದರು.